ಎಷ್ಟು ವಾರ ಎನ್ನುವುದಕ್ಕಿಂತ ಯಾರ ಖರ್ಚಿನಲ್ಲಿ: ದುಡಿಯುವ ಕುಟುಂಬಗಳ ಸೌಲಭ್ಯಗಳನ್ನು ಓದುವ ಬಗೆ

ಉದ್ಯೋಗದಾತರು ನೌಕರರ ಕುಟುಂಬಗಳಿಗೆ ಕೊಡುವ ಸೌಲಭ್ಯಗಳ ಮಾತು ಬಂದಾಗ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಹೆರಿಗೆ ರಜೆ ಎಷ್ಟು ವಾರ? ಹನ್ನೆರಡಕ್ಕಿಂತ ಇಪ್ಪತ್ತಾರು ಮೇಲು, ಇಪ್ಪತ್ತಾರಕ್ಕಿಂತ ಐವತ್ತೆರಡು ಮೇಲು ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಕಾಗದದ ಮೇಲೆ ಒಂದೇ ಉದ್ದದ ರಜೆಯಿರುವ ಎರಡು ವ್ಯವಸ್ಥೆಗಳಲ್ಲಿ ಒಂದು ತಾಯಂದಿರನ್ನು ಕೆಲಸದಲ್ಲಿ ಉಳಿಸಿಕೊಳ್ಳಬಹುದು, ಇನ್ನೊಂದು ಅದೇ ನಿಯಮದ ಕಾರಣಕ್ಕೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ಸಂದರ್ಶನದ ಹಂತದಲ್ಲೇ ಸದ್ದಿಲ್ಲದೆ ಹೊರಗಿಡಬಹುದು. ರಜೆಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ, ಅದು ಯಾರ ಹೆಸರಿನಲ್ಲಿದೆ, ಅದನ್ನು ಬಳಸಿಕೊಂಡವರಿಗೆ ಆಮೇಲೆ ಏನಾಗುತ್ತದೆ ಎಂಬ ಮೂರು ಸಂಗತಿಗಳು ವಾರಗಳ ಸಂಖ್ಯೆಗಿಂತ ಹೆಚ್ಚಿನದನ್ನು ತೀರ್ಮಾನಿಸುತ್ತವೆ. ಇವುಗಳಲ್ಲಿ ಮೊದಲನೆಯದಕ್ಕೆ ಸಾರ್ವಜನಿಕ ಚರ್ಚೆಯಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಹಾಗಾಗಿ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ರಜೆಯ ಸಂಬಳ ಯಾರ ಜೇಬಿನಿಂದ

ಹೆರಿಗೆ ರಜೆಯಲ್ಲಿರುವ ನೌಕರಳಿಗೆ ಸಂಬಳ ಬರುವ ದಾರಿಗಳು ಮುಖ್ಯವಾಗಿ ಎರಡು. ಆಕೆಯ ಉದ್ಯೋಗದಾತನೇ ತನ್ನ ಬೊಕ್ಕಸದಿಂದ ಕೊಡುವುದು ಒಂದು ದಾರಿ. ಎಲ್ಲ ಉದ್ಯೋಗದಾತರೂ ನೌಕರರೂ ಸೇರಿ ತುಂಬಿದ ಸಾಮಾಜಿಕ ವಿಮಾ ನಿಧಿಯಿಂದಲೋ ಸರ್ಕಾರದ ಖಜಾನೆಯಿಂದಲೋ ಕೊಡುವುದು ಇನ್ನೊಂದು. ರಜೆ ಪಡೆಯುವವಳಿಗೆ ಈ ಎರಡರ ನಡುವೆ ವ್ಯತ್ಯಾಸ ಗೊತ್ತಾಗದೇ ಹೋಗಬಹುದು, ಏಕೆಂದರೆ ತಿಂಗಳ ಕೊನೆಗೆ ಖಾತೆಗೆ ಬೀಳುವ ಹಣ ಒಂದೇ. ವ್ಯತ್ಯಾಸ ಗೊತ್ತಾಗುವುದು ಕೆಲಸ ಹುಡುಕುತ್ತಿರುವವಳಿಗೆ.

ಹನ್ನೆರಡು ಮಂದಿ ಕೆಲಸ ಮಾಡುವ ಒಂದು ಸಣ್ಣ ಕಚೇರಿಯನ್ನು ಊಹಿಸಿಕೊಳ್ಳೋಣ. ಖಾಲಿಯಾದ ಒಂದು ಹುದ್ದೆಗೆ ಒಂದೇ ವಿದ್ಯಾರ್ಹತೆಯ, ಒಂದೇ ಅನುಭವದ ಇಬ್ಬರು ಬಂದಿದ್ದಾರೆ. ಒಬ್ಬ ಗಂಡಸು, ಇನ್ನೊಬ್ಬಳು ಇಪ್ಪತ್ತೆಂಟರ ಹೆಂಗಸು. ಆರು ತಿಂಗಳ ಪೂರ್ಣ ಸಂಬಳದ ರಜೆಯನ್ನು ಮಾಲೀಕನೇ ಭರಿಸಬೇಕಾದ ಕಡೆ ಆತನ ಮನಸ್ಸಿನಲ್ಲಿ ನಡೆಯುವ ಲೆಕ್ಕ ಹೀಗಿರುತ್ತದೆ: ಈಕೆ ಮುಂದಿನ ಎರಡು ಮೂರು ವರ್ಷಗಳಲ್ಲಿ ರಜೆ ಹೋದರೆ ಆಕೆಗೆ ಆರು ತಿಂಗಳ ಸಂಬಳ, ಆಕೆಯ ಜಾಗದಲ್ಲಿ ತಾತ್ಕಾಲಿಕವಾಗಿ ಬರುವವರಿಗೆ ಆರು ತಿಂಗಳ ಸಂಬಳ, ಹೊಸಬರಿಗೆ ಕೆಲಸ ಕಲಿಸುವ ಖರ್ಚು ಬೇರೆ. ಆತ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎಷ್ಟೋ ಸಲ ತನಗೆ ತಾನೇ ಒಪ್ಪಿಕೊಳ್ಳುವುದೂ ಇಲ್ಲ. ರಜೆಯ ಸಂಬಳ ನಿಧಿಯಿಂದ ಬರುವ ಕಡೆ ಈ ಲೆಕ್ಕದ ಮೊದಲ ಸಾಲು ಅಳಿಸಿಹೋಗುತ್ತದೆ. ಬದಲಿ ನೌಕರರನ್ನು ಹುಡುಕುವ ತೊಂದರೆ ಹಾಗೆಯೇ ಉಳಿಯುತ್ತದೆ, ಆದರೆ ಎರಡು ಸಂಬಳ ಕೊಡುವ ಭಯ ಇರುವುದಿಲ್ಲ.

ಇದು ಇತ್ತೀಚೆಗೆ ಹೊಳೆದ ಸಂಗತಿಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ತನ್ನ ಮೊದಲ ಸಮ್ಮೇಳನದಲ್ಲಿಯೇ ಹೆರಿಗೆ ರಕ್ಷಣೆಯ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಹೆರಿಗೆಗೆ ಮೊದಲು ಆರು ವಾರ, ನಂತರ ಆರು ವಾರ, ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ ಹಾಲುಣಿಸಲು ದಿನಕ್ಕೆ ಎರಡು ಸಲ ಅರ್ಧ ಗಂಟೆಯ ಬಿಡುವು ಎಂದು ಬರೆದ ಆ ಒಡಂಬಡಿಕೆ, ರಜೆಯ ಅವಧಿಯ ಹಣ ಸಾರ್ವಜನಿಕ ನಿಧಿಯಿಂದ ಅಥವಾ ವಿಮೆಯಿಂದ ಬರಬೇಕು ಎಂದೂ ಹೇಳಿತ್ತು. 1952ರ ಪರಿಷ್ಕೃತ ಒಡಂಬಡಿಕೆ ಇನ್ನೂ ಖಚಿತವಾಗಿ, ಉದ್ಯೋಗದಾತನನ್ನು ಈ ಖರ್ಚಿಗೆ ಯಾವ ಕಾರಣಕ್ಕೂ ವೈಯಕ್ತಿಕವಾಗಿ ಹೊಣೆ ಮಾಡಬಾರದು ಎಂದಿತು. 2000ದ ಒಡಂಬಡಿಕೆ ರಜೆಯನ್ನು ಕನಿಷ್ಠ 14 ವಾರಕ್ಕೆ, ಹಣವನ್ನು ಹಿಂದಿನ ಗಳಿಕೆಯ ಕನಿಷ್ಠ ಮೂರನೇ ಎರಡರಷ್ಟಕ್ಕೆ ನಿಗದಿಪಡಿಸಿತಲ್ಲದೆ, ಉದ್ಯೋಗ ಮಾರುಕಟ್ಟೆಯಲ್ಲಿ ಹೆಂಗಸರ ಸ್ಥಾನವನ್ನು ಕಾಪಾಡುವ ಸಲುವಾಗಿಯೇ ವಿಮೆ ಅಥವಾ ಸಾರ್ವಜನಿಕ ನಿಧಿಯ ವ್ಯವಸ್ಥೆ ಬೇಕು ಎಂದು ಕಾರಣವನ್ನೂ ಸೇರಿಸಿತು; ಜೊತೆಗೆ ಕೆಲವು ವಿನಾಯಿತಿಗಳಿಗೂ ಜಾಗ ಮಾಡಿಕೊಟ್ಟಿತು. ಎಂಬತ್ತು ವರ್ಷಗಳ ಅಂತರದಲ್ಲಿ ಮೂರು ಸಲ ಹೇಳಬೇಕಾಯಿತು ಎನ್ನುವುದೇ ಈ ಮಾತನ್ನು ಜಗತ್ತು ಎಷ್ಟು ಕಿವಿಗೆ ಹಾಕಿಕೊಂಡಿತು ಎಂಬುದನ್ನು ತಿಳಿಸುತ್ತದೆ.

ಬ್ರಿಟನ್ನಿನ ವ್ಯವಸ್ಥೆ ಉದ್ಯೋಗದಾತನ ಬೊಕ್ಕಸ ಮತ್ತು ಸಾರ್ವಜನಿಕ ನಿಧಿ, ಇವೆರಡರ ನಡುವಿನದು. ಅಲ್ಲಿ ರಜೆಯ ಹಣವನ್ನು ಉದ್ಯೋಗದಾತನೇ ಸಂಬಳದ ಪಟ್ಟಿಯ ಮೂಲಕ ಕೊಡುತ್ತಾನೆ: 39 ವಾರಗಳ ಪೈಕಿ ಮೊದಲ ಆರು ವಾರ ಸರಾಸರಿ ಗಳಿಕೆಯ ಶೇ. 90, ಉಳಿದ 33 ವಾರ ಸರ್ಕಾರ ನಿಗದಿಪಡಿಸಿದ ದರ ಅಥವಾ ಗಳಿಕೆಯ ಶೇ. 90, ಇವೆರಡರಲ್ಲಿ ಕಡಿಮೆಯಾದದ್ದು. ಆಮೇಲೆ ಆತ ತೆರಿಗೆ ಇಲಾಖೆಗೆ ಕಟ್ಟಬೇಕಾದ ಮೊತ್ತದಲ್ಲಿ ಇದರ ಶೇ. 92ನ್ನು ಹಿಡಿದುಕೊಳ್ಳಬಹುದು. ಸಣ್ಣ ಉದ್ಯೋಗದಾತರಿಗೆ ಪೂರ್ತಿ ಮೊತ್ತವೂ ಅದರ ಮೇಲೆ ಸ್ವಲ್ಪ ಹೆಚ್ಚುವರಿಯೂ ಸಿಗುತ್ತದೆ. ಹನ್ನೆರಡು ಮಂದಿಯ ಕಚೇರಿಗೆ ಇಂತಹ ಹೆಚ್ಚುವರಿ ಸಣ್ಣ ಸಂಗತಿಯಲ್ಲ, ಏಕೆಂದರೆ ದೊಡ್ಡ ಸಂಸ್ಥೆ ಒಬ್ಬರ ಗೈರುಹಾಜರಿಯನ್ನು ನೂರು ಜನರ ನಡುವೆ ಹಂಚಿಕೊಳ್ಳಬಲ್ಲದು, ಸಣ್ಣ ಕಚೇರಿಗೆ ಅದು ಸಾಧ್ಯವಿಲ್ಲ.

ಭಾರತದ್ದು ಮಿಶ್ರ ಚಿತ್ರ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಆ ಏರಿಕೆಗೆ ಸಿಕ್ಕ ಪ್ರಶಂಸೆ ನ್ಯಾಯವಾದದ್ದೇ. ಆದರೆ ನೌಕರರ ರಾಜ್ಯ ವಿಮಾ ಯೋಜನೆಯ ವೇತನ ಮಿತಿಯೊಳಗೆ ಬರುವವರಿಗೆ ಮಾತ್ರ ಹಣ ನಿಧಿಯಿಂದ ಬರುತ್ತದೆ. ಆ ಮಿತಿಯನ್ನು ದಾಟಿದವರ 26 ವಾರಗಳ ಪೂರ್ಣ ಸಂಬಳ ಅವರ ಉದ್ಯೋಗದಾತನ ಹೊಣೆ. ವಾರಗಳನ್ನು ದುಪ್ಪಟ್ಟಿಗಿಂತ ಹೆಚ್ಚು ಮಾಡಿ ಖರ್ಚಿನ ದಾರಿಯನ್ನು ಹಾಗೆಯೇ ಬಿಟ್ಟದ್ದರಿಂದ, ನೇಮಕಾತಿಯ ಮೇಜಿನ ಆಚೆ ಕುಳಿತವನ ಗುಪ್ತ ಲೆಕ್ಕದಲ್ಲಿನ ಸಂಖ್ಯೆಯೂ ಅಷ್ಟೇ ಬೆಳೆಯಿತು. ರಜೆ ಉದ್ದವಾಗಬಾರದಿತ್ತು ಎಂದು ಇದರ ಅರ್ಥವಲ್ಲ. ಉದ್ದವಾಗುವಾಗ ನಿಧಿಯೂ ವಿಸ್ತರಿಸಬೇಕಿತ್ತು ಎಂದು ಅರ್ಥ.

ಖರ್ಚು ಒಂದು ಗುಂಪಿನ ಹೆಸರಿಗೆ ಅಂಟಿಕೊಂಡಾಗ ಅದು ಕೊನೆಗೆ ಆ ಗುಂಪಿನ ಸಂಬಳದಿಂದಲೇ ಕಡಿತವಾಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಗಟ್ಟಿಯಾದ ಸಾಕ್ಷ್ಯವಿದೆ. 1970ರ ದಶಕದಲ್ಲಿ ಅಮೆರಿಕದ ಕೆಲವು ರಾಜ್ಯಗಳು, ಉದ್ಯೋಗದಾತರು ಕೊಡಿಸುವ ಆರೋಗ್ಯ ವಿಮೆಯಲ್ಲಿ ಬೇರೆ ಕಾಯಿಲೆಗಳಂತೆ ಹೆರಿಗೆಯ ಖರ್ಚೂ ಸೇರಿರಬೇಕು ಎಂದು ಕಡ್ಡಾಯ ಮಾಡಿದವು. 1978ರಲ್ಲಿ ಇಡೀ ದೇಶಕ್ಕೆ ಅದೇ ನಿಯಮ ಬಂತು. ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ನಿಯಮದಿಂದ ಪ್ರಯೋಜನ ಪಡೆಯಬಹುದಾದ ವಯಸ್ಸಿನವರ ಸಂಬಳ ಉಳಿದವರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಆ ಸೌಲಭ್ಯದ ಖರ್ಚಿನಷ್ಟೇ ಇಳಿದದ್ದು ಕಂಡುಬಂತು. ಸೌಲಭ್ಯ ಸಿಕ್ಕಿತು, ಆದರೆ ಅದರ ಬೆಲೆಯನ್ನು ತೆತ್ತವರು ಸೌಲಭ್ಯ ಪಡೆದವರೇ.

ಚಿಲಿ ದೇಶದ ಶಿಶುಪಾಲನಾ ನಿಯಮ ಇದಕ್ಕಿಂತಲೂ ನಿಚ್ಚಳವಾದ ಉದಾಹರಣೆ. ಅಲ್ಲಿನ ಕಾರ್ಮಿಕ ಸಂಹಿತೆಯ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಮಹಿಳಾ ನೌಕರರಿರುವ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನೆಯ ಖರ್ಚನ್ನು ಭರಿಸಬೇಕು. ಒಳ್ಳೆಯ ಉದ್ದೇಶವೇ; ಆದರೆ ನಿಯಮ ಎಣಿಸುವುದು ನೌಕರರನ್ನಲ್ಲ, ಮಹಿಳಾ ನೌಕರರನ್ನು. ಹತ್ತೊಂಬತ್ತು ಹೆಂಗಸರಿರುವ ಸಂಸ್ಥೆಗೆ ಇಪ್ಪತ್ತನೆಯವಳು ಒಬ್ಬ ನೌಕರಳಾಗಿ ಬರುವುದಿಲ್ಲ, ಒಂದು ಶಿಶುಪಾಲನಾ ಕೇಂದ್ರದ ಖರ್ಚನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಾಳೆ. ಆ ನಿಯಮಕ್ಕೆ ಒಳಪಟ್ಟ ಸಂಸ್ಥೆಗಳಲ್ಲಿ ಹೊಸದಾಗಿ ಸೇರಿದ ಹೆಂಗಸರ ಆರಂಭಿಕ ವೇತನ ಶೇ. 9ರಿಂದ 20ರಷ್ಟು ಕಡಿಮೆಯಾಗುತ್ತದೆ ಎಂದು 2015ರ ಒಂದು ಅಧ್ಯಯನ ಅಂದಾಜು ಮಾಡಿತು. ಭಾರತದ 1948ರ ಕಾರ್ಖಾನೆ ಕಾಯಿದೆಯೂ ಮೂವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಶಿಶುಪಾಲನಾ ಕೇಂದ್ರ ಬೇಕು ಎಂದು ಹೆಂಗಸರನ್ನೇ ಎಣಿಸುತ್ತಿತ್ತು. 2017ರ ತಿದ್ದುಪಡಿ ಈ ಒಂದು ವಿಷಯದಲ್ಲಿ ಜಾಣತನ ತೋರಿತು: ಗಂಡಸರು ಹೆಂಗಸರು ಎನ್ನದೆ ಒಟ್ಟು 50 ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಸಂಸ್ಥೆಗೂ ಕೇಂದ್ರ ಕಡ್ಡಾಯ, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರುವ ಅವಕಾಶ. ಎಣಿಕೆಯ ಆಧಾರ ಬದಲಾದ ಕೂಡಲೇ ಹೆಂಗಸನ್ನು ನೇಮಿಸಿಕೊಳ್ಳುವುದಕ್ಕೂ ಗಂಡಸನ್ನು ನೇಮಿಸಿಕೊಳ್ಳುವುದಕ್ಕೂ ನಡುವಿನ ಆ ಒಂದು ಅಂತರ ಇಲ್ಲವಾಯಿತು. ಕೇಂದ್ರ ನಿಜವಾಗಿ ತೆರೆದಿದೆಯೇ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ತರಬೇತಾದವರಿದ್ದಾರೆಯೇ ಎಂಬುದು ತಪಾಸಣೆಗೆ ಸೇರಿದ ಬೇರೆ ಮಾತು.

ತಂದೆಯ ಹೆಸರಿನಲ್ಲಿ ಬರೆದ ರಜೆ

ತಾಯಿಯ ರಜೆ ಮಾತ್ರ ಉದ್ದವಾಗುತ್ತ ಹೋದರೆ ನೇಮಕಾತಿಯ ಲೆಕ್ಕ ಎಷ್ಟೇ ನಿಧಿಯಿದ್ದರೂ ಪೂರ್ತಿ ಸರಿಹೋಗುವುದಿಲ್ಲ, ಏಕೆಂದರೆ ದೀರ್ಘಕಾಲ ಗೈರಾಗುವವರು ಯಾರು ಎಂದು ಉದ್ಯೋಗದಾತನಿಗೆ ಮೊದಲೇ ಗೊತ್ತಿರುತ್ತದೆ. ಇದಕ್ಕೆ ನಾರ್ಡಿಕ್ ದೇಶಗಳು ಕಂಡುಕೊಂಡ ಉಪಾಯ ತಂದೆಯೂ ರಜೆ ಹೋಗುವಂತೆ ಮಾಡುವುದು. ಅದನ್ನು ಮಾಡುವ ಸರಿಯಾದ ವಿಧಾನ ತಿಳಿಯಲು ಅವುಗಳಿಗೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಸ್ವೀಡನ್ 1974ರಲ್ಲಿ ಹೆರಿಗೆ ರಜೆಯನ್ನು ತೆಗೆದು ಅದರ ಜಾಗದಲ್ಲಿ ತಂದೆ ತಾಯಿ ಇಬ್ಬರೂ ಹಂಚಿಕೊಳ್ಳಬಹುದಾದ ಪೋಷಕರ ವಿಮೆಯನ್ನು ತಂದಿತು. ಕಾನೂನಿನ ದೃಷ್ಟಿಯಲ್ಲಿ ಇಬ್ಬರೂ ಸಮಾನರು. ಮನೆಯೊಳಗೆ ಮಾತ್ರ ತಂದೆಯ ಪಾಲೂ ತಾಯಿಗೇ ಹೋಯಿತು. ಹಂಚಿಕೊಳ್ಳಿ ಎಂದು ಬಿಟ್ಟ ರಜೆ ಕಡಿಮೆ ಸಂಬಳದವರ ಕಡೆಗೆ, ಎಂದರೆ ಬಹುಪಾಲು ತಾಯಿಯ ಕಡೆಗೆ ಹರಿಯುವುದು ಸಹಜ. 1993ರಲ್ಲಿ ನಾರ್ವೆ ನಾಲ್ಕು ವಾರಗಳನ್ನು ತಂದೆಗಾಗಿಯೇ ಕಾದಿರಿಸಿ, ಆತ ಬಳಸದಿದ್ದರೆ ಕುಟುಂಬ ಆ ವಾರಗಳನ್ನು ಕಳೆದುಕೊಳ್ಳುತ್ತದೆ ಎಂಬ ಷರತ್ತು ಹಾಕಿತು. ಅದುವರೆಗೆ ಬೆರಳೆಣಿಕೆಯಷ್ಟಿದ್ದ ತಂದೆಯರ ರಜೆ ಕೆಲವೇ ವರ್ಷಗಳಲ್ಲಿ ಸಾಮಾನ್ಯ ಸಂಗತಿಯಾಯಿತು. ಸ್ವೀಡನ್ 1995ರಲ್ಲಿ ಒಂದು ತಿಂಗಳು, 2002ರಲ್ಲಿ ಎರಡನೆಯದು, 2016ರಲ್ಲಿ ಮೂರನೆಯದು ಎಂದು ಅದೇ ದಾರಿ ಹಿಡಿಯಿತು. ಈಗ ಅಲ್ಲಿನ ಒಟ್ಟು 480 ದಿನಗಳಲ್ಲಿ ತಲಾ 90 ದಿನಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ. ಐಸ್‌ಲ್ಯಾಂಡ್ 2000ದ ಕಾನೂನಿನಲ್ಲಿ ತಾಯಿಗೆ ಮೂರು, ತಂದೆಗೆ ಮೂರು, ಇಬ್ಬರಿಗೂ ಸೇರಿ ಮೂರು ತಿಂಗಳು ಎಂದು ವಿಂಗಡಿಸಿತು. ಜರ್ಮನಿ 2007ರಲ್ಲಿ ಹಳೆಯ ನಿವ್ವಳ ಸಂಬಳದ ಸುಮಾರು ಶೇ. 67ರಷ್ಟನ್ನು ಹನ್ನೆರಡು ತಿಂಗಳು ಕೊಟ್ಟು, ಇನ್ನೊಬ್ಬ ಪೋಷಕರೂ ರಜೆ ಹೋದರೆ ಮಾತ್ರ ಮತ್ತೆರಡು ತಿಂಗಳು ಎಂದಿತು.

‘ಬಳಸದಿದ್ದರೆ ಹೋಯಿತು’ ಎಂಬ ಷರತ್ತು ಕಟುವಾಗಿ ಕಾಣಬಹುದು. ವಾಸ್ತವದಲ್ಲಿ ಅದು ತಂದೆಗೆ ಮೇಲಧಿಕಾರಿಯ ಮುಂದೆ ಹೇಳಲು ಒಂದು ಮಾತನ್ನು ಕೊಡುತ್ತದೆ. ಮಗುವಿನ ಜೊತೆಗಿರಲು ರಜೆ ಬೇಕು ಎನ್ನುವವನಿಗೆ ‘ಹೆಂಡತಿ ಇದ್ದಾರಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ರಜೆಯನ್ನು ಆಕೆ ತೆಗೆದುಕೊಳ್ಳುವಂತೆಯೇ ಇಲ್ಲ ಎನ್ನುವವನಿಗೆ ಆ ಉತ್ತರ ಕೊಡಲಾಗದು. ಇದಕ್ಕೆ ವಿರುದ್ಧವಾಗಿ, ಬ್ರಿಟನ್ 2015ರಲ್ಲಿ ತಂದ ಹಂಚಿಕೆಯ ರಜೆಯಲ್ಲಿ ತಂದೆಗೆ ದಿನಗಳು ಸಿಗಬೇಕಾದರೆ ತಾಯಿ ತನ್ನ ದಿನಗಳನ್ನು ಬಿಟ್ಟುಕೊಡಬೇಕು, ಆ ಅವಧಿಯ ಹಣವೂ ಕಡಿಮೆ. ಅದನ್ನು ಬಳಸಿಕೊಂಡ ತಂದೆಯರ ಪ್ರಮಾಣ ತೀರಾ ಸಣ್ಣದಾಗಿಯೇ ಉಳಿಯಿತು.

ಜಪಾನಿನ ಅನುಭವ ಇನ್ನೊಂದು ಬಗೆಯದು. ಅಲ್ಲಿ ತಂದೆಗೆ ಕಾನೂನು ಕೊಟ್ಟ ರಜೆ ಜಗತ್ತಿನ ಅತ್ಯಂತ ಉದಾರ ರಜೆಗಳ ಸಾಲಿನಲ್ಲಿದ್ದರೂ ಬಹುಕಾಲ ಅದನ್ನು ಬಳಸಿದವರು ವಿರಳ, ಏಕೆಂದರೆ ಸಹೋದ್ಯೋಗಿಗಳ ಮೇಲೆ ಹೊರೆ ಹೊರಿಸಿ ಹೋಗುವುದು ಸಭ್ಯತೆಯಲ್ಲ ಎಂಬ ಭಾವನೆ ಕಾನೂನಿಗಿಂತ ಬಲವಾಗಿತ್ತು. 2022ರಿಂದ ಜಾರಿಗೆ ಬಂದ ತಿದ್ದುಪಡಿಗಳು ರಜೆಯನ್ನು ಉದ್ದ ಮಾಡಲು ಹೋಗಲಿಲ್ಲ. ಮಗು ಬರಲಿದೆ ಎಂದು ತಿಳಿಸಿದ ಪ್ರತಿಯೊಬ್ಬ ನೌಕರನಿಗೂ ಸಂಸ್ಥೆಯೇ ರಜೆಯ ವಿಷಯ ತಿಳಿಸಿ ಆತನ ಇಚ್ಛೆಯನ್ನು ಕೇಳಬೇಕು ಎಂದು ಅವು ವಿಧಿಸಿದವು. 2023ರ ಏಪ್ರಿಲ್‌ನಿಂದ 1000ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಎಷ್ಟು ತಂದೆಯರು ರಜೆ ಪಡೆದರು ಎಂಬುದನ್ನು ಪ್ರತಿವರ್ಷ ಬಹಿರಂಗಪಡಿಸಬೇಕಾಯಿತು. 2022ರ ಹಣಕಾಸು ವರ್ಷದಲ್ಲಿ ಶೇ. 17ರಷ್ಟಿದ್ದ ತಂದೆಯರ ಪ್ರಮಾಣ 2024ರ ಹೊತ್ತಿಗೆ ಶೇ. 40ನ್ನು ದಾಟಿತು. ಅನೇಕರ ರಜೆ ಈಗಲೂ ಚಿಕ್ಕದು, ಆದರೂ ಕೇಳುವ ಹೊಣೆಯನ್ನು ನೌಕರನಿಂದ ಸಂಸ್ಥೆಗೆ ದಾಟಿಸಿದ್ದು ಕೆಲಸ ಮಾಡಿತು ಎನ್ನಲು ಇಷ್ಟು ಸಾಕು.

ಇಬ್ಬರಿಗೂ ಒಂದೇ ಸೌಲಭ್ಯ ಕೊಟ್ಟರೆ ಸಮಾನತೆ ತಾನಾಗಿ ಬರುತ್ತದೆ ಎಂದುಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ಪ್ರಮುಖ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳಲ್ಲಿ, ಮಗುವಾದ ಅಧ್ಯಾಪಕರಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಹುದ್ದೆ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿಯನ್ನು ಒಂದು ವರ್ಷ ಮುಂದೂಡುವ ನಿಯಮ ಬಂದಾಗ, ಕಾಯಂ ಆದ ಗಂಡಸರ ಪ್ರಮಾಣ ಏರಿತು, ಹೆಂಗಸರ ಪ್ರಮಾಣ ಇಳಿಯಿತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಹೆಚ್ಚುವರಿ ವರ್ಷವನ್ನು ಗಂಡಸರು ಸಂಶೋಧನಾ ಪ್ರಬಂಧಗಳಿಗೆ ಬಳಸಿಕೊಂಡರು ಎಂಬುದು ಸಂಶೋಧಕರ ವಿವರಣೆ. ಮಗುವನ್ನು ನೋಡಿಕೊಂಡವರು ಯಾರು ಎಂದು ಹೇಳಬೇಕಾಗಿಲ್ಲ.

ಹಣಕ್ಕಿಂತ ಹೊತ್ತು

ರಜೆ ಒಂದೆರಡು ವರ್ಷದ ಮಾತು, ಕೆಲಸದ ವೇಳೆ ಹದಿನೆಂಟು ವರ್ಷದ ಮಾತು. ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು 2023ರಲ್ಲಿ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆಯ ತಿರುಳು ಇಲ್ಲಿದೆ. ಶ್ರೀಮಂತ ದೇಶಗಳಲ್ಲಿ ಇಂದು ಗಂಡು ಹೆಣ್ಣುಗಳ ಗಳಿಕೆಯ ಅಂತರ ಬಹುಮಟ್ಟಿಗೆ ಮೊದಲ ಮಗುವಿನ ಜನನದೊಂದಿಗೆ ತೆರೆದುಕೊಳ್ಳುತ್ತದೆ. ಕೆಲವು ವೃತ್ತಿಗಳಲ್ಲಿ ವಾರಕ್ಕೆ ಅರವತ್ತು ಗಂಟೆ ದುಡಿಯುವವರಿಗೆ ನಲವತ್ತು ಗಂಟೆ ದುಡಿಯುವವರ ಒಂದೂವರೆ ಪಟ್ಟಿಗಿಂತ ಬಹಳ ಹೆಚ್ಚು ಸಿಗುವುದರಿಂದ ದಂಪತಿಗಳಲ್ಲಿ ಒಬ್ಬರು ಅಂತಹ ಕೆಲಸವನ್ನು ಹಿಡಿಯುತ್ತಾರೆ, ಇನ್ನೊಬ್ಬರು ಕರೆ ಬಂದ ಕೂಡಲೇ ಶಾಲೆಗೆ ಓಡಬಲ್ಲ ಕೆಲಸಕ್ಕೆ ಇಳಿಯುತ್ತಾರೆ. ಡೆನ್ಮಾರ್ಕಿನಂತಹ ಉದಾರ ಸೌಲಭ್ಯಗಳ ದೇಶದಲ್ಲಿಯೂ ಮಕ್ಕಳಾದ ಬಳಿಕ ತಾಯಂದಿರ ಗಳಿಕೆ ದೀರ್ಘಕಾಲದಲ್ಲಿ ತಂದೆಯರಿಗೆ ಹೋಲಿಸಿದರೆ ಸುಮಾರು ಶೇ. 20ರಷ್ಟು ಹಿಂದೆ ಬೀಳುತ್ತದೆ ಎಂದು 2019ರ ಪ್ರಸಿದ್ಧ ಅಧ್ಯಯನವೊಂದು ಲೆಕ್ಕ ಹಾಕಿದೆ. ರಜೆಯನ್ನು ಮಾತ್ರ ಸರಿಪಡಿಸಿದರೆ ಈ ಅಂತರ ಮುಚ್ಚುವುದಿಲ್ಲ.

ಇದಕ್ಕೆ ಗೋಲ್ಡಿನ್ ಮತ್ತು ಅರ್ಥಶಾಸ್ತ್ರಜ್ಞ ಲಾರೆನ್ಸ್ ಕಾಟ್ಜ್ ಕೊಡುವ ವಿರುದ್ಧ ಉದಾಹರಣೆ ಔಷಧ ವಿತರಕರದ್ದು, ಎಂದರೆ ಫಾರ್ಮಾಸಿಸ್ಟರದ್ದು. ಅಮೆರಿಕದಲ್ಲಿ ಸ್ವಂತ ಔಷಧದಂಗಡಿಗಳ ಜಾಗದಲ್ಲಿ ದೊಡ್ಡ ಸರಪಳಿ ಮಳಿಗೆಗಳೂ ಆಸ್ಪತ್ರೆಗಳೂ ಬಂದು, ರೋಗಿಯ ದಾಖಲೆಗಳು ಕಂಪ್ಯೂಟರಿಗೆ ಸೇರಿದ ಮೇಲೆ, ಒಬ್ಬ ಔಷಧ ವಿತರಕಿಯ ಪಾಳಿ ಮುಗಿದಾಗ ಇನ್ನೊಬ್ಬರು ಯಾವ ನಷ್ಟವೂ ಇಲ್ಲದೆ ಕೆಲಸ ಮುಂದುವರಿಸಬಹುದಾಯಿತು. ಕಡಿಮೆ ಗಂಟೆ ದುಡಿದವರಿಗೆ ಸಂಬಳವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ, ಅದಕ್ಕಿಂತ ಹೆಚ್ಚಿನ ದಂಡವಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಹಿಡಿಯುವಂತೆ ಕೆಲಸವನ್ನು ಸಂಘಟಿಸುವುದು ಯಾವ ಸೌಲಭ್ಯಗಳ ಕೈಪಿಡಿಯಲ್ಲೂ ಬರುವುದಿಲ್ಲ, ಆದರೆ ಅಲ್ಲಿ ಬರೆದಿರುವ ಅನೇಕ ಸಂಗತಿಗಳಿಗಿಂತ ಅದು ಕುಟುಂಬಕ್ಕೆ ಹೆಚ್ಚು ಉಪಕಾರ ಮಾಡುತ್ತದೆ.

ಗಂಟೆಗಳ ಸಂಖ್ಯೆಯಷ್ಟೇ ಅವುಗಳ ಖಚಿತತೆಯೂ ಮುಖ್ಯ. ಅಂಗಡಿ ಹೋಟೆಲುಗಳಲ್ಲಿ ಮುಂದಿನ ವಾರದ ಪಾಳಿಯನ್ನು ಎರಡು ದಿನ ಮುಂಚೆ ತಿಳಿಸುವ, ಗಿರಾಕಿಗಳು ಕಡಿಮೆಯಾದರೆ ಬಂದವರನ್ನು ಅರ್ಧ ದಿನಕ್ಕೆ ಮನೆಗೆ ಕಳಿಸುವ ಪದ್ಧತಿಯನ್ನೇ ತೆಗೆದುಕೊಳ್ಳಿ. ಶಿಶುಪಾಲನಾ ಕೇಂದ್ರ ಹಣ ಕೇಳುವುದು ತಿಂಗಳ ಲೆಕ್ಕದಲ್ಲಿ, ತಾಯಿಯ ಕೆಲಸ ನಡೆಯುವುದು ದಿನದ ಲೆಕ್ಕದಲ್ಲಿ. ಪಾಳಿ ರದ್ದಾದ ದಿನವೂ ಕೇಂದ್ರದ ಶುಲ್ಕ ನಿಲ್ಲುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯ 2017ರಲ್ಲಿ ಮಾಡಿದ ಕಾನೂನಿನಂತೆ ದೊಡ್ಡ ಚಿಲ್ಲರೆ ಮಾರಾಟ ಮತ್ತು ಆತಿಥ್ಯ ಸಂಸ್ಥೆಗಳು ಪಾಳಿಯ ಪಟ್ಟಿಯನ್ನು ಈಗ 14 ದಿನ ಮುಂಚಿತವಾಗಿ ಕೊಡಬೇಕು. ಇದರಿಂದ ವ್ಯಾಪಾರಕ್ಕೆ ನಷ್ಟ ಎಂಬ ಆಕ್ಷೇಪಕ್ಕೆ, ಗ್ಯಾಪ್ ಬಟ್ಟೆ ಮಳಿಗೆಗಳಲ್ಲಿ ಸಂಶೋಧಕರು ನಡೆಸಿದ ಪ್ರಯೋಗ ಉತ್ತರ ಕೊಡುತ್ತದೆ: ಪಾಳಿಗಳನ್ನು ಸ್ಥಿರಗೊಳಿಸಿದ ಮಳಿಗೆಗಳಲ್ಲಿ ಮಾರಾಟ ಸುಮಾರು ಶೇ. 7ರಷ್ಟು ಏರಿತ್ತು.

ಕೆಲಸದ ವೇಳೆಯನ್ನು ಬದಲಿಸಿಕೊಡಿ ಎಂದು ಕೇಳುವ ಹಕ್ಕು ಬ್ರಿಟನ್ನಿನಲ್ಲಿ 2003ರಲ್ಲಿ ಚಿಕ್ಕ ಮಕ್ಕಳ ಪೋಷಕರಿಗೆ ಬಂತು, 2014ರಲ್ಲಿ ಎಲ್ಲ ನೌಕರರಿಗೂ ವಿಸ್ತರಿಸಿತು, 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಸಿಗುತ್ತದೆ. ಇದು ಕೇಳುವ ಹಕ್ಕೇ ಹೊರತು ಪಡೆಯುವ ಹಕ್ಕಲ್ಲ. ಕಾನೂನು ಪಟ್ಟಿ ಮಾಡಿರುವ ಎಂಟು ವ್ಯಾವಹಾರಿಕ ಕಾರಣಗಳಲ್ಲಿ ಯಾವುದಾದರೂ ಒಂದನ್ನು ಕೊಟ್ಟು ನಿರಾಕರಿಸಬಹುದು. ಎಲ್ಲರಿಗೂ ವಿಸ್ತರಿಸಿದ್ದರಿಂದ ಇನ್ನೊಂದು ಲಾಭವಾಯಿತು: ವೇಳೆ ಬದಲಿಸಿಕೊಂಡವರೆಲ್ಲ ತಾಯಂದಿರು ಎಂಬ ಹಣೆಪಟ್ಟಿ ತೆಳುವಾಯಿತು. ಕೆಲಸದ ವೇಳೆಯ ಆಚೆ ಕರೆ ಮತ್ತು ಇಮೇಲ್‌ಗಳಿಂದ ದೂರವಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇದೆ.

ಕೆಲಸದ ಜೊತೆ ಕಟ್ಟಿದ ವಿಮೆ

ಕುಟುಂಬದ ಆರೋಗ್ಯ ವಿಮೆ ಉದ್ಯೋಗದ ಜೊತೆಗೆ ಬರುವ ಕಡೆಗಳಲ್ಲಿ ಅದರ ತೊಡಕುಗಳೂ ಜೊತೆಗೇ ಬರುತ್ತವೆ. ಅಮೆರಿಕದಲ್ಲಿ ಈ ಪದ್ಧತಿ ಬೇರೂರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿದಾಗ, ಆ ಮಿತಿಯಿಂದ ಹೊರಗುಳಿದ ವಿಮೆಯಂತಹ ಸೌಲಭ್ಯಗಳನ್ನು ಕೊಟ್ಟು ಸಂಸ್ಥೆಗಳು ನೌಕರರನ್ನು ಸೆಳೆದವು. 1954ರ ತೆರಿಗೆ ಸಂಹಿತೆ ಉದ್ಯೋಗದಾತ ಕಟ್ಟುವ ವಿಮಾ ಕಂತಿಗೆ ತೆರಿಗೆಯಿಲ್ಲ ಎಂದು ಸ್ಪಷ್ಟಪಡಿಸಿ ಅದನ್ನು ಭದ್ರಗೊಳಿಸಿತು. ಪರಿಣಾಮವಾಗಿ ಕೆಲಸ ಬಿಡುವ ನಿರ್ಧಾರ ಇಡೀ ಕುಟುಂಬದ ಚಿಕಿತ್ಸೆಯ ನಿರ್ಧಾರವೂ ಆಯಿತು. ಕೆಲಸ ಹೋದ ಮೇಲೂ ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳು ಉಳಿಸಿಕೊಳ್ಳುವ ಅವಕಾಶ ಅಲ್ಲಿದೆ, ಆದರೆ ಅದುವರೆಗೆ ಉದ್ಯೋಗದಾತ ಕಟ್ಟುತ್ತಿದ್ದ ಪಾಲೂ ಸೇರಿ ಕಂತಿನ ಶೇ. 102ರವರೆಗೆ ನೌಕರನೇ ಕಟ್ಟಬೇಕಾಗಬಹುದು, ಅದೂ ಸಂಬಳ ನಿಂತ ತಿಂಗಳಿನಿಂದಲೇ.

ನಿಯಮದ ಒಂದು ಪದಗುಚ್ಛ ಕುಟುಂಬಗಳನ್ನು ಹೇಗೆ ಹೊರಗಿಡಬಲ್ಲದು ಎಂಬುದಕ್ಕೆ ಅಲ್ಲಿನದೇ ಒಂದು ಪ್ರಸಂಗವಿದೆ. 2010ರ ಆರೋಗ್ಯ ಸುಧಾರಣಾ ಕಾನೂನಿನಂತೆ, ಉದ್ಯೋಗದಾತನ ವಿಮೆ ಕೈಗೆಟಕುವಂತಿದ್ದರೆ ಸರ್ಕಾರಿ ಸಹಾಯಧನದ ವಿಮೆ ಸಿಗುವುದಿಲ್ಲ. ಕೈಗೆಟಕುತ್ತದೆಯೇ ಎಂದು ನೋಡುವಾಗ ಅಧಿಕಾರಿಗಳು ನೌಕರನೊಬ್ಬನಿಗೆ ತಗಲುವ ಕಂತನ್ನಷ್ಟೇ ಕುಟುಂಬದ ಆದಾಯಕ್ಕೆ ಹೋಲಿಸುತ್ತಿದ್ದರು. ಹೆಂಡತಿ ಮಕ್ಕಳನ್ನು ಸೇರಿಸಿದಾಗ ಕಂತು ಹಲವು ಪಟ್ಟು ಏರಿದರೂ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೀಗಾಗಿ ಕುಟುಂಬಕ್ಕೆ ಉದ್ಯೋಗದಾತನ ವಿಮೆಯೂ ನಿಲುಕದು, ಸಹಾಯಧನವೂ ಸಿಗದು. 2022ರ ಅಕ್ಟೋಬರ್‌ನಲ್ಲಿ ನಿಯಮ ಬದಲಾಗಿ 2023ರ ವಿಮೆಗಳಿಂದ ಕುಟುಂಬದ ಕಂತನ್ನು ಪ್ರತ್ಯೇಕವಾಗಿ ನೋಡುವ ಪದ್ಧತಿ ಬಂತು. ಒಂದು ವ್ಯಾಖ್ಯೆಯನ್ನು ತಿದ್ದಲು ಹನ್ನೆರಡು ವರ್ಷ ಬೇಕಾದವು.

ಒಳಗೆ ಯಾರು, ಹೊರಗೆ ಯಾರು

ಸೌಲಭ್ಯದ ಮೊದಲ ಪುಟದಲ್ಲಿ ಏನು ಸಿಗುತ್ತದೆ ಎಂದಿರುತ್ತದೆ, ಯಾರಿಗೆ ಸಿಗುತ್ತದೆ ಎಂಬುದು ಕೊನೆಯ ಪುಟಗಳಲ್ಲಿರುತ್ತದೆ. ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆ ಹನ್ನೆರಡು ವಾರ ರಜೆ ಕೊಡುತ್ತದೆ. ಅದು ಸಿಗಬೇಕಾದರೆ ಸಂಸ್ಥೆಯಲ್ಲಿ 75 ಮೈಲಿ ದೂರದೊಳಗೆ 50 ನೌಕರರಿರಬೇಕು, ಅಲ್ಲಿ 12 ತಿಂಗಳು ಕೆಲಸ ಮಾಡಿರಬೇಕು, ಹಿಂದಿನ ಒಂದು ವರ್ಷದಲ್ಲಿ 1250 ಗಂಟೆ ದುಡಿದಿರಬೇಕು. ಅರೆಕಾಲಿಕ ನೌಕರರು, ಸಣ್ಣ ಸಂಸ್ಥೆಗಳವರು, ಆಗಾಗ ಕೆಲಸ ಬದಲಿಸಬೇಕಾದವರು ಇಲ್ಲಿಯೇ ಉದುರಿಹೋಗುತ್ತಾರೆ, ಮತ್ತು ರಜೆಯ ಅಗತ್ಯ ಹೆಚ್ಚಾಗಿ ಇರುವುದೂ ಇವರಿಗೇ.

ಆ ಕಾಯಿದೆಯ ರಜೆಗೆ ಸಂಬಳವಿಲ್ಲ. ಅದು ಹುದ್ದೆಯನ್ನು ಕಾಯ್ದಿರಿಸುತ್ತದೆ ಅಷ್ಟೆ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ನೌಕರರ ಸಂಬಳದಿಂದ ಕಡಿತ ಮಾಡಿ ಕಟ್ಟಿದ ನಿಧಿಯೊಂದು ಕುಟುಂಬ ರಜೆಯ ಅವಧಿಗೆ ಹಣ ಕೊಡುತ್ತದೆ, ಆದರೆ ಆ ಯೋಜನೆ ತಾನಾಗಿ ಹುದ್ದೆಯನ್ನು ಕಾಯ್ದಿರಿಸುವುದಿಲ್ಲ. ಅದಕ್ಕೆ ಬೇರೆ ಕಾನೂನಿನ ಆಸರೆ ಬೇಕು. ರಜೆಯಲ್ಲಿ ಹಣ ಬರುವುದು ಒಂದು ಹಕ್ಕು, ರಜೆಯ ನಂತರ ಕೆಲಸ ಉಳಿದಿರುವುದು ಇನ್ನೊಂದು. ಒಂದಿದ್ದರೆ ಇನ್ನೊಂದೂ ಇದ್ದೇ ಇರುತ್ತದೆ ಎಂದು ನಂಬಿ ಮೋಸಹೋಗುವವರು ಅನೇಕರು.

ದಿನಗೂಲಿ ಮತ್ತು ಗುತ್ತಿಗೆಯ ನೌಕರರ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ 2000ದಲ್ಲಿ ಕೊಟ್ಟ ತೀರ್ಪು ಉಲ್ಲೇಖನೀಯ. ದೆಹಲಿ ನಗರಪಾಲಿಕೆಯ ಹಾಜರಿ ಪಟ್ಟಿಯಲ್ಲಿ ದಿನಗೂಲಿಯ ಮೇಲೆ ರಸ್ತೆ ಕೆಲಸ ಮಾಡುತ್ತಿದ್ದ ಹೆಂಗಸರಿಗೆ, ಕಾಯಂ ನೌಕರರಲ್ಲ ಎಂಬ ಕಾರಣ ನೀಡಿ ಹೆರಿಗೆ ಸೌಲಭ್ಯವನ್ನು ನಿರಾಕರಿಸಲಾಗಿತ್ತು. ಕಾಯಿದೆ ಅಂತಹ ಭೇದ ಮಾಡುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಈಗ ಅದೇ ಪ್ರಶ್ನೆ ಆ್ಯಪ್‌ಗಳ ಮೂಲಕ ದುಡಿಯುವವರ ವಿಷಯದಲ್ಲಿ ಎದ್ದಿದೆ, ಏಕೆಂದರೆ ಸಂಸ್ಥೆಯ ದಾಖಲೆಯಲ್ಲಿ ಅವರು ನೌಕರರೇ ಅಲ್ಲ, ‘ಪಾಲುದಾರರು’.

ಮರಳಿ ಬಂದ ಮೇಲೆ

2000ದ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಎರಡು ಸಾಲುಗಳು ಗಮನಾರ್ಹ. ರಜೆ ಮುಗಿಸಿ ಬಂದವಳಿಗೆ ಅದೇ ಹುದ್ದೆ ಅಥವಾ ಅದೇ ದರದ ಸಂಬಳವಿರುವ ಸಮಾನ ಹುದ್ದೆ ಸಿಗಬೇಕು ಎನ್ನುವುದು ಒಂದು. ಈ ಅವಧಿಯಲ್ಲಿ ಕೆಲಸದಿಂದ ತೆಗೆದರೆ, ಅದಕ್ಕೂ ಬಸಿರು ಬಾಣಂತನಕ್ಕೂ ಸಂಬಂಧವಿಲ್ಲ ಎಂದು ರುಜುವಾತುಪಡಿಸುವ ಹೊಣೆ ಉದ್ಯೋಗದಾತನದು ಎನ್ನುವುದು ಇನ್ನೊಂದು. ಎರಡನೆಯದು ಬಲವಾದ ರಕ್ಷಣೆ. ಮೊದಲನೆಯದರಲ್ಲಿ ‘ಸಮಾನ’ ಎಂಬುದನ್ನು ಯಾರು ಅಳೆಯುತ್ತಾರೆ ಎನ್ನುವುದು ಕಷ್ಟ: ಸಂಬಳವೂ ಪದನಾಮವೂ ಅವೇ ಆಗಿದ್ದು, ಮುಖ್ಯ ಗ್ರಾಹಕರೆಲ್ಲ ಬೇರೆಯವರ ಪಾಲಾಗಿ, ಬಡ್ತಿಗೆ ದಾರಿಯಿಲ್ಲದ ಮೂಲೆಯ ಮೇಜು ಸಿಕ್ಕರೆ ಕಾನೂನಿನ ಅಕ್ಷರ ಪಾಲನೆಯಾದಂತೆಯೇ ಇರುತ್ತದೆ.

ಇದಕ್ಕಿಂತ ಕಣ್ಣಿಗೆ ಬೀಳದ ಜಾಗವೆಂದರೆ ವಾರ್ಷಿಕ ಕೆಲಸದ ಮೌಲ್ಯಮಾಪನ. ಮಾರಾಟ ವಿಭಾಗದ ನೌಕರಳೊಬ್ಬಳಿಗೆ ವರ್ಷಕ್ಕೆ ಹನ್ನೆರಡು ಒಪ್ಪಂದಗಳ ಗುರಿಯಿದೆ ಎನ್ನೋಣ. ಆಕೆ ಆರು ತಿಂಗಳು ರಜೆಯಲ್ಲಿದ್ದು, ಉಳಿದ ಆರು ತಿಂಗಳಲ್ಲಿ ಏಳು ಒಪ್ಪಂದಗಳನ್ನು ತಂದಿದ್ದಾಳೆ. ಗುರಿಯನ್ನು ಹನ್ನೆರಡಕ್ಕೇ ಹಿಡಿದರೆ ಆಕೆಯ ಸಾಧನೆ ಶೇ. 58, ಅಂದರೆ ಹಿಂದೆ ಬಿದ್ದವಳು; ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಂತೆ ಆರಕ್ಕೆ ಇಳಿಸಿದರೆ ಶೇ. 117, ಅಂದರೆ ಗುರಿ ಮೀರಿದವಳು. ಆ ವರ್ಷದ ಬೋನಸ್, ಮುಂದಿನ ವರ್ಷದ ಸಂಬಳ ಏರಿಕೆ, ಬಡ್ತಿಯ ಪಟ್ಟಿಯಲ್ಲಿ ಹೆಸರು, ಎಲ್ಲವೂ ಈ ಒಂದು ಭಾಗಾಕಾರದ ಮೇಲೆ ನಿಂತಿರುತ್ತವೆ. ಬಹಳಷ್ಟು ಸಂಸ್ಥೆಗಳ ರಜೆ ನೀತಿಯಲ್ಲಿ ಈ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದು ಆಯಾ ಮೇಲಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವಾಗಿರುತ್ತದೆ. ರಜೆಗೆ ಅರ್ಜಿ ಹಾಕುವ ಮುನ್ನವೇ, ಗುರಿಯನ್ನು ಹೇಗೆ ಲೆಕ್ಕ ಹಾಕುತ್ತೀರಿ ಎಂದು ಎಚ್.ಆರ್. ವಿಭಾಗಕ್ಕೆ ಇಮೇಲ್ ಬರೆದು ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆದಿಟ್ಟುಕೊಳ್ಳಬಹುದು.